ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ

ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗವು ಗಾಂಜಾ, ಭಂಗಿ ಹಾಗೂ ಚರಸ್‌ಗಳ ಬಳಕೆ ಮತ್ತು ಪರಿಣಾಮಗಳನ್ನು ಪರಿಶೀಲಿಸಲು ಬ್ರಿಟಿಷ್ ಭಾರತ ಸರ್ಕಾರವು 1893ರಲ್ಲಿ ನೇಮಿಸಿದ ಸಮಿತಿ. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಇದರ ಅಧ್ಯಕ್ಷರಾಗಿದ್ದರು.

ಆಯೋಗವು 1,193 ಸಾಕ್ಷಿಗಳ ಹೇಳಿಕೆಗಳನ್ನು ಪಡೆಯಿತು. ಅದಕ್ಕಿಂತಲೂ ಗಮನಾರ್ಹವಾದುದು ಹುಚ್ಚಾಸ್ಪತ್ರೆಗಳ ದಾಖಲೆಗಳ ತಪಾಸಣೆ. 1892ರಲ್ಲಿ ಸೇರಿದ 222 ರೋಗಿಗಳ ಹುಚ್ಚಿಗೆ ಈ ಮಾದಕಗಳೇ ಕಾರಣವೆಂದು ಬರೆಯಲಾಗಿತ್ತು. ಒಂದೊಂದನ್ನೂ ಮರುವಿಚಾರಿಸಿದಾಗ ಅರ್ಧಕ್ಕಿಂತ ಕಡಿಮೆ ಪ್ರಕರಣಗಳಿಗಷ್ಟೇ ಆಧಾರ ದೊರೆಯಿತು. ರೋಗಿಯನ್ನು ಕರೆತಂದ ಪೊಲೀಸರ ಊಹೆಯೇ ಅನೇಕ ಕಡೆ ರೋಗಕಾರಣವೆಂದು ದಾಖಲೆಗೆ ಸೇರಿತ್ತು.

ಮಿತವಾದ ಸೇವನೆಯಿಂದ ಮನಸ್ಸಿಗೆ ಹಾನಿಯಿಲ್ಲ, ಅತಿಸೇವನೆಯು ಮನೋದೌರ್ಬಲ್ಯವುಳ್ಳವರಲ್ಲಿ ಹುಚ್ಚನ್ನು ಉಂಟುಮಾಡಬಲ್ಲದು ಎಂದು 1894ರ ವರದಿ ಅಭಿಪ್ರಾಯಪಟ್ಟು, ನಿಷೇಧದ ಬದಲು ತೆರಿಗೆ ಮತ್ತು ಪರವಾನಗಿಗಳನ್ನು ಸೂಚಿಸಿತು. ಈ ಮಾದಕಗಳಿಂದ ಸರ್ಕಾರಕ್ಕೆ ಅಬಕಾರಿ ಆದಾಯವಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೆನ್ನುವವರು ಇಂದಿಗೂ ಈ ವರದಿಯನ್ನು ಉಲ್ಲೇಖಿಸುತ್ತಾರೆ. ಆದರೆ ಸ್ವೀಡನ್ನಿನಲ್ಲಿ ಕಡ್ಡಾಯ ಸೇನಾಸೇವೆಗೆ ಕರೆಯಲ್ಪಟ್ಟ 45,570 ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನವು, ಹದಿನೆಂಟರ ವಯಸ್ಸಿಗೇ 50ಕ್ಕೂ ಹೆಚ್ಚು ಬಾರಿ ಸೇವಿಸಿದವರಲ್ಲಿ ಸ್ಕಿಜೋಫ್ರೇನಿಯಾದ ಸಂಭವ ಸೇವಿಸದವರಿಗಿಂತ ಆರು ಪಟ್ಟು ಇದ್ದುದನ್ನು ತೋರಿಸಿತು. ಗಾಂಜಾದಿಂದ ರೋಗವೋ, ರೋಗದತ್ತ ವಾಲಿದವರೇ ಗಾಂಜಾಕ್ಕೆ ಒಲಿದರೋ ಎಂಬ ಚರ್ಚೆ ಅಲ್ಲಿಂದ ಮುಂದುವರಿದಿದೆ.