ಅಳಿಯದ ಮುದ್ರೆ

1955ರಲ್ಲಿ ಸಿಂಹಳದ ಕ್ಯಾಂಡಿಯಿಂದ ಪುಣೆಗೆ ಸ್ಥಳಾಂತರಗೊಂಡ ಪಾಪಲ್ ಸೆಮಿನರಿಯಲ್ಲಿ ಯಾಜಕರಾಗಲೆಂದು ವ್ಯಾಸಂಗ ಮಾಡುವ ತರುಣರು ಕಲಿಯಬೇಕಾದ ಸೂತ್ರಗಳಲ್ಲೊಂದು ಲೌಕಿಕರಿಗೆ ವಿಚಿತ್ರವೆನಿಸುವಂಥದು: ಯಾಜಕದೀಕ್ಷೆಯನ್ನು ಕೊಡಬಹುದು, ಹಿಂದೆಗೆದುಕೊಳ್ಳಲಾಗದು. ಧರ್ಮಸಭೆಯು ಅಪರಾಧಿಯಾದ ಪಾದ್ರಿಯ ಅಧಿಕಾರ, ಪದವಿ, ವೃತ್ತಿಗಳನ್ನು ಕಸಿದುಕೊಂಡು ಅವನನ್ನು ಸಾಮಾನ್ಯ ಭಕ್ತರ ಸಾಲಿಗೆ ಇಳಿಸಬಲ್ಲುದಾದರೂ, 1563ರಲ್ಲಿ ಟ್ರೆಂಟ್ ಮಹಾಸಭೆಯು ಸಾರಿದಂತೆ, ಆತ್ಮದ ಮೇಲೊತ್ತಿದ ಆ ಮುದ್ರೆ ಅಳಿಯದು; ಅಂಥವನೂ ಮರಣಾಸನ್ನನೊಬ್ಬನ ಪಾಪನಿವೇದನೆಯನ್ನಾಲಿಸಿ ಕ್ಷಮಾದಾನಗೈದರೆ ಅದು ಸಿಂಧುವೇ. ಹಿಂದಣ ಕಾಲದ ಪದಚ್ಯುತಿಯ ವಿಧಿಯಲ್ಲಿ ಬಿಷಪರು ಅವನ ಕೈಯಿಂದ ಪಾನಪಾತ್ರೆಯನ್ನು ತೆಗೆದು, ಪೂಜಾವಸ್ತ್ರಗಳನ್ನು ಒಂದೊಂದಾಗಿ ಕಳಚಿ, ಪವಿತ್ರತೈಲದಿಂದ ಅಭಿಷಿಕ್ತವಾಗಿದ್ದ ಬೆರಳುಗಳನ್ನು ಚೂರಿಯಿಂದ ಮೆಲ್ಲನೆ ಕೆರೆಯುತ್ತಿದ್ದರು. ಕೆರೆದದ್ದು ಚರ್ಮವನ್ನಷ್ಟೆ ಎಂಬುದನ್ನು ಕೆರೆದವರೇ ಬಲ್ಲರು!

ನಮ್ಮ ಕರಾವಳಿಯೂ ಈ ಜಟಿಲತೆಯನ್ನು ಕಂಡುದುಂಟು. ಪೋರ್ತುಗಲ್ಲಿಗೂ ರೋಮಿಗೂ 1886ರಲ್ಲಾದ ಒಪ್ಪಂದದಿಂದ ಅಸಂತುಷ್ಟರಾದ ಗೋವೆಯ ಪಾದ್ರಿ ಅಲ್ವಾರಿಸರು ರೋಮನ್ನು ತೊರೆದು, 1889ರಲ್ಲಿ ಸಿರಿಯನ್ ಪರಂಪರೆಯ ಬಿಷಪರಾದರು. ರೋಮ್ ಅವರನ್ನು ಬಹಿಷ್ಕರಿಸಿತು. ಗೋವೆಯ ಸರಕಾರ ಬಂಧಿಸಿ ಬಿಷಪರ ಉಡುಪನ್ನೇ ಕಳಚಿಸಿತು. ಆದರೂ ರೋಮಿನ ಸ್ವಂತ ಸಿದ್ಧಾಂತದಂತೆಯೇ ಅವರ ಯಾಜಕತ್ವ ಉಳಿಯಿತು. 1923ರಲ್ಲಿ ರಿಬಂದರಿನಲ್ಲಿ ಅವರು ತೀರಿಕೊಂಡರು. ಉಡುಪಿಯ ಬಳಿಯ ಬ್ರಹ್ಮಾವರದಲ್ಲಿ ಅವರನ್ನನುಸರಿಸಿದ ಕೊಂಕಣಿ ಕುಟುಂಬಗಳು ಇಂದಿಗೂ ಆರ್ಥಡಾಕ್ಸ್ ಸಭೆಯಲ್ಲೇ ಇವೆ.