ಪಾಸ್‌ಪೋರ್ಟ್ ಸೇವೆ: ಕರ್ನಾಟಕದ ಸಣ್ಣ ಊರುಗಳಲ್ಲಿ

ವಿದೇಶಕ್ಕೆ ಹೋಗುವ ಭಾರತೀಯ ಪ್ರಜೆಗೆ ಕೇಂದ್ರ ಸರ್ಕಾರದ ವಿದೇಶಾಂಗ ಸಚಿವಾಲಯ ಕೊಡುವ ಪ್ರಯಾಣಪತ್ರವೇ ಪಾಸ್‌ಪೋರ್ಟ್. ಹೊರದೇಶದಲ್ಲಿ ಅವನ ಗುರುತಿಗೂ ಪೌರತ್ವಕ್ಕೂ ಅದೇ ಆಧಾರ. ಇದನ್ನು ಪಡೆಯುವ ಹಕ್ಕಿಗೆ 1967ರಲ್ಲಿ ಕಾನೂನಿನ ಬಲ ಬಂತು. ಆದರೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಜಿಲ್ಲಾ ಕೇಂದ್ರಗಳ ಅಂಚೆ ಕಚೇರಿಗೆ ಬಂದದ್ದು 2017ರಿಂದೀಚೆಗೆ. ಕೈಯಲ್ಲಿದ್ದ ಹಕ್ಕು ಕೈಗೆಟುಕುವ ಸೇವೆಯಾಗಲು ಹಿಡಿದ ಈ ಅರ್ಧ ಶತಮಾನವೇ ಸಣ್ಣ ಊರಿನವರ ಪಾಸ್‌ಪೋರ್ಟ್ ಚರಿತ್ರೆಯ ಮುಖ್ಯ ಭಾಗ.

ಬ್ರಿಟಿಷರ ಕಾಲ

ಮೊದಲ ಮಹಾಯುದ್ಧದವರೆಗೆ ಭಾರತದಿಂದ ಹಡಗು ಹತ್ತುವವರಿಗೆ ಪಾಸ್‌ಪೋರ್ಟ್ ಕಡ್ಡಾಯವಾಗಿರಲಿಲ್ಲ. ಯುದ್ಧಕಾಲದಲ್ಲಿ 1915ರ ಭಾರತ ರಕ್ಷಣಾ ಕಾಯ್ದೆಯ ಅಡಿ ಮಾಡಿದ ನಿಯಮಗಳು ಅದನ್ನು ಕಡ್ಡಾಯಗೊಳಿಸಿದವು. 1920ರಲ್ಲಿ ಪಾಸ್‌ಪೋರ್ಟಿಗೆಂದೇ ಪ್ರತ್ಯೇಕ ಕಾಯ್ದೆ ಬಂತು. ಅದೇ ವರ್ಷ ಪ್ಯಾರಿಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನ ಪುಟ್ಟ ಪುಸ್ತಕದ ಮಾದರಿಯನ್ನು ಒಪ್ಪಿತು. ಮೈಸೂರಿನಂಥ ಸಂಸ್ಥಾನಗಳ ಪ್ರಜೆಗಳು ಬ್ರಿಟಿಷ್ ಪ್ರಜೆಗಳಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ‘ಬ್ರಿಟಿಷ್ ರಕ್ಷಿತ ವ್ಯಕ್ತಿ’ಗಳು. ಹೀಗಾಗಿ ಇಂದು ಒಂದೇ ರಾಜ್ಯದಲ್ಲಿರುವ, ಆದರೆ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಧಾರವಾಡದವನಿಗೂ ಸಂಸ್ಥಾನದ ಮೈಸೂರಿನವನಿಗೂ ಅಂದು ಪಾಸ್‌ಪೋರ್ಟಿನಲ್ಲಿ ಬೇರೆ ಬೇರೆ ಸ್ಥಾನಮಾನವಿತ್ತು.

ಅನುಗ್ರಹದಿಂದ ಹಕ್ಕಿಗೆ

1920ರ ಕಾಯ್ದೆ ದೇಶದೊಳಗೆ ಬರುವವರ ಬಗ್ಗೆ ಮಾತಾಡುತ್ತಿತ್ತೇ ಹೊರತು, ಹೊರಹೋಗುವವರಿಗೆ ಯಾವ ಆಧಾರದ ಮೇಲೆ ಪಾಸ್‌ಪೋರ್ಟ್ ಕೊಡಬೇಕು, ಯಾವಾಗ ನಿರಾಕರಿಸಬಹುದು ಎಂದು ಹೇಳಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅದು ಸರ್ಕಾರದ ವಿವೇಚನೆಗೇ ಉಳಿಯಿತು. ಸತ್ವಂತ್ ಸಿಂಗ್ ಸಾಹ್ನಿ ಎಂಬ ಉದ್ಯಮಿ ತಮ್ಮ ಪಾಸ್‌ಪೋರ್ಟನ್ನು ಒಪ್ಪಿಸುವಂತೆ ಬಂದ ಆದೇಶವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1967ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರಿದ್ದ ಪೀಠ, ವಿದೇಶ ಪ್ರಯಾಣ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದು ಬಹುಮತದಿಂದ ತೀರ್ಪಿತ್ತಿತು. ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದು, ಬಳಿಕ ಜೂನ್ 24ರಂದು ಪಾಸ್‌ಪೋರ್ಟ್ ಕಾಯ್ದೆಯನ್ನು ಜಾರಿಗೊಳಿಸಿತು. ಆ ದಿನವನ್ನು ಇಂದಿಗೂ ಪಾಸ್‌ಪೋರ್ಟ್ ಸೇವಾ ದಿನವಾಗಿ ಆಚರಿಸಲಾಗುತ್ತದೆ. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು ಈ ಹಕ್ಕನ್ನು ಮತ್ತೂ ಗಟ್ಟಿಮಾಡಿತು: ಕಾನೂನಿದ್ದರೆ ಸಾಲದು, ಅದರ ಕ್ರಮವೂ ನ್ಯಾಯಯುತವಾಗಿರಬೇಕು.

ದೂರದ ಕಚೇರಿ

ಹಕ್ಕು ಎಲ್ಲರದಾದರೂ ಕಚೇರಿ ಕೆಲವರಿಗಷ್ಟೇ ಹತ್ತಿರವಿತ್ತು. 1954ರಲ್ಲಿ ತೆರೆದ ಮೊದಲ ಐದು ಪ್ರಾದೇಶಿಕ ಕಚೇರಿಗಳು ಮುಂಬಯಿ, ಕಲ್ಕತ್ತ, ದೆಹಲಿ, ಮದ್ರಾಸು ಮತ್ತು ನಾಗಪುರದಲ್ಲಿದ್ದವು. ಇಂದಿನ ಕರ್ನಾಟಕದ ನೆಲದಲ್ಲಿ ಒಂದೂ ಇರಲಿಲ್ಲ. ಮುಂದೆ ಬೆಂಗಳೂರಿಗೆ ಕಚೇರಿ ಬಂದಾಗಲೂ ಇಡೀ ರಾಜ್ಯಕ್ಕೆ ಅದೊಂದೇ ಗತಿಯಾಯಿತು. ಬೀದರಿನವರು ಏಳುನೂರು ಕಿಲೋಮೀಟರಿನಷ್ಟು ದೂರ ಬರಬೇಕಿತ್ತು. ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟ ಭಟ್ಕಳ, ಉಡುಪಿ, ಮಂಗಳೂರು ಕಡೆಯವರಿಗೆ ಘಟ್ಟ ಹತ್ತುವುದು ಅನಿವಾರ್ಯವಾಗಿತ್ತು.

ಊರಿನಲ್ಲಿ ಟ್ರಾವೆಲ್ ಏಜೆಂಟರಿಗೆ ಬೆಲೆ ಬಂದದ್ದು ಈ ದೂರದಿಂದ. ಫಾರಂ ಇಂಗ್ಲಿಷಿನಲ್ಲಿ ತುಂಬಬೇಕು, ನಕಲು ಪ್ರತಿಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಬೇಕು, ಅಫಿಡವಿಟ್‌ಗೆ ನೋಟರಿ ಬೇಕು. ತಾಲ್ಲೂಕಿನಲ್ಲಿ ಅಂಥ ಅಧಿಕಾರಿಯ ಪರಿಚಯವಿಲ್ಲದವರು ಪರಿಚಯವಿದ್ದವರ ಕಾಲು ಹಿಡಿಯಬೇಕಿತ್ತು. 2000ರ ದಶಕದಲ್ಲಿ ಜಿಲ್ಲಾ ಪಾಸ್‌ಪೋರ್ಟ್ ಕೋಶಗಳೂ ಸ್ಪೀಡ್ ಪೋಸ್ಟ್ ಕೇಂದ್ರಗಳೂ ಅರ್ಜಿ ಪಡೆಯತೊಡಗಿದವು. ಓಡಾಟ ಒಂದಿಷ್ಟು ತಪ್ಪಿತು, ಆದರೆ ಕಡತ ಎಲ್ಲಿದೆ ಎಂದು ತಿಳಿಯಲು ಮತ್ತೆ ಬೆಂಗಳೂರನ್ನೇ ಕೇಳಬೇಕಿತ್ತು.

ಸೇವಾ ಕೇಂದ್ರ ಮತ್ತು ಅಂಚೆ ಕಚೇರಿ

2008ರಲ್ಲಿ ಸಚಿವಾಲಯ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಜೊತೆ ಒಪ್ಪಂದ ಮಾಡಿಕೊಂಡು ಪಾಸ್‌ಪೋರ್ಟ್ ಸೇವಾ ಯೋಜನೆಯನ್ನು ಕೈಗೆತ್ತಿಕೊಂಡಿತು. ಕಟ್ಟಡ, ಕಂಪ್ಯೂಟರ್, ಮುಂಗಟ್ಟಿನ ಸಿಬ್ಬಂದಿ ಕಂಪನಿಯವರು. ಪರಿಶೀಲಿಸಿ ಮಂಜೂರು ಮಾಡುವವರು ಸರ್ಕಾರಿ ಅಧಿಕಾರಿಗಳು. ಪ್ರಾಯೋಗಿಕ ಹಂತ 2010ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 2012ರ ಹೊತ್ತಿಗೆ ದೇಶದಲ್ಲಿ 77 ಸೇವಾ ಕೇಂದ್ರಗಳಿದ್ದವು. ಕರ್ನಾಟಕದಲ್ಲಿ ಬೆಂಗಳೂರಿನಾಚೆ ಮಂಗಳೂರಿಗೂ ಹುಬ್ಬಳ್ಳಿಗೂ ಅವು ಬಂದವು.

ದೊಡ್ಡ ತಿರುವು ಬಂದದ್ದು 2017ರ ಜನವರಿ 25ರಂದು. ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವರಾಗಿದ್ದಾಗ ಅಂಚೆ ಇಲಾಖೆಯ ಜೊತೆ ಸೇರಿ ರೂಪಿಸಿದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಮೊದಲ ಎರಡು ಅಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಬಾಗಿಲು ತೆರೆದವು. ಮನೆಯಿಂದ ಸುಮಾರು 50 ಕಿ.ಮೀ. ಒಳಗೆ ಒಂದು ಕೇಂದ್ರ ಸಿಗಬೇಕು ಎಂಬುದು ಗುರಿ. ಹಾಸನ, ದಾವಣಗೆರೆ, ಶಿವಮೊಗ್ಗ, ರಾಯಚೂರು, ಉಡುಪಿಯಂಥ ಊರುಗಳಿಗೂ ಈ ಕೇಂದ್ರಗಳು ಬಂದವು. ಮನಿಯಾರ್ಡರ್ ಬಿಡಿಸಿಕೊಳ್ಳಲು, ಆರ್‌.ಡಿ. ಕಟ್ಟಲು ಜನ ಹೋಗುತ್ತಿದ್ದ ಕಟ್ಟಡದಲ್ಲೇ ಪಾಸ್‌ಪೋರ್ಟಿಗೂ ಜಾಗ ಸಿಕ್ಕಿತು.

ಅರ್ಜಿಯ ನಡೆ

ಅರ್ಜಿ ಆನ್‌ಲೈನಿನಲ್ಲೇ ಆಗಬೇಕು. ಸಣ್ಣ ಊರಿನಲ್ಲಿ ಇದು ಬಹುಮಟ್ಟಿಗೆ ಸೈಬರ್ ಸೆಂಟರಿನ ಕೆಲಸ. 36 ಪುಟದ, ಹತ್ತು ವರ್ಷದ ಪುಸ್ತಕಕ್ಕೆ 2012ರಲ್ಲಿ ಗೊತ್ತುಮಾಡಿದ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ 2,000. ದುಡ್ಡು ಕಟ್ಟಿದ ಮೇಲೆ ದಿನ, ಹೊತ್ತು ನಿಗದಿಯಾಗುತ್ತದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಸಿಬ್ಬಂದಿ ಮೂಲ ದಾಖಲೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಾರೆ, ಫೋಟೊ ಅಲ್ಲೇ ತೆಗೆಯುತ್ತಾರೆ, ಬೆರಳುಗಳನ್ನು ಗಾಜಿನ ಮೇಲೆ ಒತ್ತಿಸುತ್ತಾರೆ. ಗಾರೆ ಕೆಲಸದಲ್ಲಿ ಸವೆದ ಬೆರಳಾದರೆ ಎರಡು ಮೂರು ಸಲ ಒತ್ತಿಸಬೇಕಾಗುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಫೋಟೊ ಮನೆಯಿಂದ ಒಯ್ಯಬೇಕು.

ಆಮೇಲಿನದು ಪೊಲೀಸ್ ವೆರಿಫಿಕೇಶನ್. ಕಡತ ಜಿಲ್ಲಾ ಪೊಲೀಸ್ ಕಚೇರಿಯಿಂದ ಠಾಣೆಗೆ ಇಳಿಯುತ್ತದೆ. ವಿಳಾಸ ನಿಜವೇ, ಕೇಸುಗಳಿವೆಯೇ ಎಂದು ನೋಡುತ್ತಾರೆ. ಇದಕ್ಕೆ ಅರ್ಜಿದಾರರು ಪ್ರತ್ಯೇಕವಾಗಿ ಏನನ್ನೂ ಕೊಡಬೇಕಾಗಿಲ್ಲ. ಇದು ಪ್ರತಿಯೊಬ್ಬರಿಗೂ ತಿಳಿದಿರಬೇಕಾದ ಮಾತು. ವರದಿ ಸರಿಯಿದ್ದರೆ ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಅರ್ಜಿದಾರರ ಕೈಗೇ ಬರುತ್ತದೆ.

ನವೀಕರಣ ಎಂದು ಜನ ಕರೆಯುವುದು ಕಾನೂನಿನಲ್ಲಿ ಮರುವಿತರಣೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಹೊಸ ಪುಸ್ತಕಕ್ಕೆ ಹೊಸ ಸಂಖ್ಯೆ ಇರುತ್ತದೆ. ಹಳೆಯದನ್ನು ರದ್ದುಮಾಡಿ ಹಿಂದಿರುಗಿಸುತ್ತಾರೆ. ಕೈಬರಹದ, ಫೋಟೊ ಅಂಟಿಸಿದ ಹಳೆಯ ಪಾಸ್‌ಪೋರ್ಟ್ ಇದ್ದವರು ಅವಧಿ ಉಳಿದಿದ್ದರೂ ಬದಲಿಸಿಕೊಳ್ಳಬೇಕಾಯಿತು. ಯಂತ್ರ ಓದಲಾಗದ ಪಾಸ್‌ಪೋರ್ಟುಗಳನ್ನು 2015ರ ನವೆಂಬರ್ 24ರೊಳಗೆ ಕೈಬಿಡಬೇಕೆಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗಡುವು ವಿಧಿಸಿತ್ತು.

ದಾಖಲೆ ಮತ್ತು ಹೆಸರು

ಹಳ್ಳಿಗರಿಗೆ ದೂರಕ್ಕಿಂತ ದೊಡ್ಡ ಅಡ್ಡಿಯಾಗಿದ್ದು ಜನನ ಪ್ರಮಾಣಪತ್ರ. 1989ರ ಜನವರಿ 26 ಅಥವಾ ನಂತರ ಹುಟ್ಟಿದವರು ಅದನ್ನೇ ತರಬೇಕೆಂಬ ನಿಯಮವಿತ್ತು. ಮನೆಯಲ್ಲೇ ಹೆರಿಗೆಯಾಗಿ, ಯಾರೂ ಬರೆಸದೆ ಬಿಟ್ಟ ಜನನವನ್ನು ವರ್ಷಗಳ ನಂತರ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ತರಬೇಕಿತ್ತು. 2016ರ ಡಿಸೆಂಬರ್‌ನ ಸುಧಾರಣೆ ಈ ಹೊರೆ ಇಳಿಸಿತು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ವಿಮಾ ಬಾಂಡ್ ಕೂಡ ನಡೆಯುವಂತಾಯಿತು. ನೋಟರಿಯ ಬದಲು ಸ್ವಯಂ ಘೋಷಣೆ ಸಾಕಾಯಿತು. ತಂದೆ ತಾಯಿಯರಲ್ಲಿ ಒಬ್ಬರ ಹೆಸರಷ್ಟೇ ಕೊಡಲು, ಸನ್ಯಾಸಿಗಳು ಗುರುವಿನ ಹೆಸರು ಬರೆಯಲು ಅವಕಾಶವಾಯಿತು. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಮತ್ತೆ ಜನನ ಪ್ರಮಾಣಪತ್ರವೊಂದೇ ಆಧಾರ.

ಇನ್ನೊಂದು ತೊಡಕು ಇನಿಷಿಯಲ್. ಹಳೆ ಮೈಸೂರು ಕಡೆ ಹೆಸರಿನ ಜೊತೆಗಿನ ಒಂದಕ್ಷರ ಊರಿನದು, ಇನ್ನೊಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆಯಲೇಬೇಕು. ಆಧಾರಿನಲ್ಲಿ ‘ಎಚ್.ಕೆ.’, ಅಂಕಪಟ್ಟಿಯಲ್ಲಿ ಬರೀ ‘ಕೆ.’ ಇದ್ದರೆ ಕೌಂಟರಿನಲ್ಲೇ ತಕರಾರು ಏಳುತ್ತದೆ. ಬರೀ ಒಂಟಿ ಹೆಸರಿದ್ದವರಿಗೆ ಬೇರೆ ಕಷ್ಟ: 2022ರ ನವೆಂಬರ್‌ನಿಂದ ಸಂಯುಕ್ತ ಅರಬ್ ಸಂಸ್ಥಾನ ಅಂಥ ಪಾಸ್‌ಪೋರ್ಟಿಗೆ ಭೇಟಿ ವೀಸಾ ಕೊಡಲು ನಿರ್ಬಂಧ ಹೇರಿತು. ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ (ವಲಸೆ ಅನುಮತಿ ಅಗತ್ಯ) ಗುರುತು ಬೀಳುತ್ತದೆ. ದುಡಿಯಲು ಕೊಲ್ಲಿಗೆ ಹೋಗುವ ಮುನ್ನ ಅವರಿಗೆ ವಲಸೆ ಅನುಮತಿ ಬೇಕು. ಕಾರ್ಮಿಕರ ರಕ್ಷಣೆಗೆಂದು 1983ರ ವಲಸೆ ಕಾಯ್ದೆಯ ಅಡಿ ಬಂದ ವ್ಯವಸ್ಥೆಯಿದು.

ಇಂದಿನ ಸ್ಥಿತಿ

2024ರ ಏಪ್ರಿಲ್‌ನಲ್ಲಿ ಚಿಪ್ ಅಳವಡಿಸಿದ ಇ-ಪಾಸ್‌ಪೋರ್ಟ್ ಪ್ರಾಯೋಗಿಕವಾಗಿ ಆರಂಭವಾಯಿತು. 2018ರಿಂದ ದೇಶದ ಯಾವ ಕಚೇರಿಯಲ್ಲಾದರೂ ಅರ್ಜಿ ಹಾಕಬಹುದಾದ್ದರಿಂದ ಹೊರರಾಜ್ಯದಲ್ಲಿ ದುಡಿಯುವ ಕನ್ನಡಿಗರಿಗೆ ಊರಿಗೆ ಬರುವ ಅಗತ್ಯ ಉಳಿದಿಲ್ಲ. ಆದರೂ ಫಾರಂ ತುಂಬಲು ಬೇರೆಯವರ ನೆರವು ಬೇಡುವವರು, ದಾಖಲೆಗಳ ಹೆಸರು ಹೊಂದದೆ ಹಿಂದಿರುಗುವವರು ಸಣ್ಣ ಊರುಗಳಲ್ಲೇ ಹೆಚ್ಚು. ಕಚೇರಿ ಹತ್ತಿರ ಬಂದಿದೆ. ಶಾಲೆಗೆ ಸೇರಿಸುವಾಗಲೇ ಮಗುವಿನ ಪೂರ್ಣ ಹೆಸರನ್ನು ಎಲ್ಲ ಕಡೆ ಒಂದೇ ಥರ ಬರೆಸುವುದು, ಕನ್ನಡದಲ್ಲೇ ಅರ್ಜಿ ತುಂಬುವ ಅನುಕೂಲ ಕೊಡುವುದು ಇನ್ನು ಆಗಬೇಕಾದ ಕೆಲಸ. ಮೊದಲನೆಯದು ಹೆತ್ತವರ, ಮೇಷ್ಟ್ರ ಹೊಣೆ, ಎರಡನೆಯದು ಸರ್ಕಾರದ್ದು.