ಮುಷ್ಟಿಯ ಬಲಕ್ಕೂ ಒಂದು ಕ್ರಮ

ಕಲ್ಯಾಣವೆಂದೊಡನೆ ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮಗೆ ನೆನಪಾಗುವುದು ಮಧ್ಯ ರೈಲ್ವೆಯ ಜಂಕ್ಷನ್. ಕನ್ನಡಿಗರಿಗೆ ಇನ್ನೊಂದು ಕಲ್ಯಾಣವೂ ಉಂಟು. ಅದು ಚಾಲುಕ್ಯರ ರಾಜಧಾನಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ 1126ರಲ್ಲಿ ಪಟ್ಟವೇರಿದ ಮೂರನೆಯ ಸೋಮೇಶ್ವರನಿಗೆ ‘ಭೂಲೋಕಮಲ್ಲ’ನೆಂಬ ಬಿರುದಿತ್ತು. ಅವನು 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ‘ಮಲ್ಲವಿನೋದ’ವೂ ಒಂದು. ಸಂಘಗಳ ಆಟೋಟದ ದಿನ ಹಗ್ಗಜಗ್ಗಾಟಕ್ಕೂ ಗುಂಡು ಎತ್ತುವುದಕ್ಕೂ ಕೈ ಹಾಕುವ ನಮಗೆ ಅದರಲ್ಲಿ ತಿಳಿಯತಕ್ಕದ್ದು ಬಹಳವಿದೆ.

ಸೋಮೇಶ್ವರನು ಮಲ್ಲರನ್ನೆಲ್ಲ ಒಂದೇ ಕಣಕ್ಕೆ ಇಳಿಸುವುದಿಲ್ಲ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವರ್ಗ ಮಾಡುತ್ತಾನೆ. ಸಾಧನೆಗೂ ವಿಭಾಗಗಳುಂಟು. ಭಾರ ಹೊರುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಇಂದಿನ ಮಲ್ಲಕಂಬದ ಹಳೆಯ ರೂಪವನ್ನು ವಿದ್ವಾಂಸರು ಈ ಕೊನೆಯದರಲ್ಲಿ ಕಾಣುತ್ತಾರೆ. ಬಲವಿದ್ದರೆ ಸಾಲದು, ಅದಕ್ಕೊಂದು ಕ್ರಮವೂ ಬೇಕೆಂಬುದೇ ಇದರ ತಿರುಳು.

ನಮ್ಮ ಗರಡಿಗಳು ಈ ವಿವೇಕವನ್ನು ಬಿಡಲಿಲ್ಲ. ಮಟ್ಟಿಯ ಮಣ್ಣನ್ನು ಅಗೆದು ಸಡಿಲಿಸದೆ ಕುಸ್ತಿಗೆ ಇಳಿಯುವುದಿಲ್ಲ. ಬಿದ್ದವನನ್ನು ಕಾಯುವುದು ಆ ಮಣ್ಣೇ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡುವವರಿಗೆ ಭಯಂಕರವಾದರೂ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಆರಂಭಕ್ಕೆ ಮೊದಲೇ ನಿಶ್ಚಯವಾಗಿರುತ್ತದೆ.

ಕ್ರಮ ತಪ್ಪಿದರೆ ಏನಾಗುವುದೆಂಬುದಕ್ಕೆ ಹಗ್ಗಜಗ್ಗಾಟವೇ ಸಾಕ್ಷಿ. 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಈ ಆಟವನ್ನು ಮಕ್ಕಳಾಟವೆಂದು ಬಗೆಯುವವರುಂಟು. 1997ರ ಅಕ್ಟೋಬರ್‌ನಲ್ಲಿ ತೈವಾನಿನ ತೈಪೆಯಲ್ಲಿ ಸುಮಾರು 1,600 ಜನ ಜಗ್ಗುತ್ತಿದ್ದಾಗ ಹಗ್ಗ ಹರಿದು ಇಬ್ಬರ ತೋಳುಗಳೇ ಕಡಿದುಹೋದವು; ಶಸ್ತ್ರಚಿಕಿತ್ಸೆಯಿಂದ ಅವನ್ನು ಮರಳಿ ಜೋಡಿಸಬೇಕಾಯಿತು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದೆಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ಎತ್ತುವ ದುಂಡು ಗುಂಡಿಗೆ ಹಿಡಿಯಿರುವುದಿಲ್ಲ; ಭಾರವೆಲ್ಲ ಬೆರಳುಗಳ ಮೇಲೆಯೇ. ಆದ್ದರಿಂದ ಎರಡು ಸ್ಪರ್ಧೆಗಳೂ ಒಂದೇ ದಿನವಿದ್ದರೆ ಯಾವುದು ಮೊದಲೆಂಬುದು ಸಣ್ಣ ಮಾತಲ್ಲ. ಹಗ್ಗ ಜಗ್ಗಿದ ಮೇಲೆ ಅಂಗೈ ಉರಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಆಗ ಗುಂಡಿಗೆ ಕೈ ಹಾಕಿದರೆ ಅದು ಜಾರುತ್ತದೆ. ಹಗ್ಗ ಜಾರಿದರೆ ಸೋಲು ಮಾತ್ರ. ಗುಂಡು ಜಾರಿದರೆ ಪಾದವೇ ಜಜ್ಜಿಹೋದೀತು. ಹಿಡಿತ ಹೊಸದಾಗಿರುವಾಗಲೇ ಗುಂಡು, ಸಾಕಷ್ಟು ವಿಶ್ರಾಂತಿಯ ಬಳಿಕ ಕೊನೆಗೆ ಹಗ್ಗ ಎಂದಿರಲಿ. ಹಗುರವಾದ ಗುಂಡಿನಿಂದ ಆರಂಭಿಸಿ ಭಾರಕ್ಕೆ ಏರಬೇಕು. ಪ್ರಯತ್ನಗಳಿಗೆ ಮಿತಿಯಿರಬೇಕು. ಗುಂಡು ಬೀಳುವಲ್ಲಿ ಮರಳು ಹಾಸಿರಬೇಕು. ನೆಲದಿಂದ ಎತ್ತುವಾಗ ತೋಳಿನಿಂದಲೇ ಜಗ್ಗದೆ ಕಾಲಿನ ಬಲವನ್ನು ಬಳಸಬೇಕು. ಬೆರಳಿನಲ್ಲಿ ಚಳುಕು ಕಂಡವನನ್ನು ಚಪ್ಪಾಳೆ ತಟ್ಟಿ ಹುರಿದುಂಬಿಸದೆ ಹೊರಗೆ ಕೂರಿಸಬೇಕು. ಬೆರಳಿನ ಸ್ನಾಯುರಜ್ಜು ಹರಿದರೆ ಕೂಡುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಊರು ಬಿಟ್ಟು ಬಂದ ನಮ್ಮಲ್ಲಿ ಬಹುಮಂದಿಗೆ ಕೈಯೇ ಆಸ್ತಿ. ಹೋಟೆಲಿನ ಒಲೆಯ ಮುಂದೆಯೋ ಕಾರಖಾನೆಯ ಯಂತ್ರದ ಮುಂದೆಯೋ ನಿಲ್ಲುವವನಿಗೆ ಭಾನುವಾರದ ಬಹುಮಾನಕ್ಕಿಂತ ಸೋಮವಾರದ ಕೆಲಸ ದೊಡ್ಡದು. ಕಾರ್ಯಕ್ರಮದ ಪಟ್ಟಿ ಸಿದ್ಧಪಡಿಸುವ ಕಾರ್ಯಕರ್ತರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಭೂಲೋಕಮಲ್ಲನ ಕಲ್ಯಾಣದ ಅರಿವು ಈ ಕಲ್ಯಾಣದಲ್ಲಿಯೂ ಉಪಯೋಗಕ್ಕೆ ಬಂದೀತು.